ಒಂದೇ ಪದ ಹಿಡಿದು ಪರೀಕ್ಷೆ: ಇಂಗ್ಲಿಷ್ ವಾಕ್ಯ ತೋರಿಸುವ ಸೇವೆಗಳಲ್ಲಿ ಯಾವುದನ್ನು ನಂಬಬಹುದು?

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಒಂದು ಇಂಗ್ಲಿಷ್ ಪದವನ್ನು ಜನ ನಿಜವಾಗಿ ಹೇಗೆ ಬಳಸುತ್ತಾರೆ ಎಂದು ನೋಡಲು ಕೋಕಾ ಎಂಬ ಕಾರ್ಪಸ್‌ಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಕಾರ್ಪಸ್ ಅಂದರೆ ಜನ ನಿಜವಾಗಿ ಬರೆದ, ಆಡಿದ ಭಾಷೆಯ ದೊಡ್ಡ ಸಂಗ್ರಹ. ಪದ ಕೊಟ್ಟ ತಕ್ಷಣ ರಾಶಿ ವಾಕ್ಯ ಸುರಿಯುವ ತಾಣಗಳಿವೆಯಲ್ಲ, ಅವುಗಳಲ್ಲಿ ಹೆಚ್ಚಿನವನ್ನು ಬಳಸಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಈ ಎರಡರ ನಡುವೆ ಇನ್ನೂ ಕೆಲವು ಸೇವೆಗಳಿವೆ. ಅವುಗಳ ಬಗ್ಗೆಯೂ ಹೇಳುತ್ತೇನೆ.

ನನ್ನ ಕೆಲಸ ಬೇರೆಯವರು ಬರೆದ ಇಂಗ್ಲಿಷ್ ತಿದ್ದುವುದು. ಸಂಶೋಧನಾ ಪ್ರಬಂಧ, ರೋಗಿಗಳಿಗೆ ಕೊಡುವ ಮಾಹಿತಿ ಪತ್ರ, ಗ್ರಾಹಕರಿಗೆ ಹೋಗುವ ಇಮೇಲ್, ಹೀಗೆ ಎಲ್ಲವೂ ಬರುತ್ತವೆ. ಬರೆದವರಲ್ಲಿ ತುಂಬಾ ಜನ ನನ್ನ ಹಾಗೆ ಕನ್ನಡದಲ್ಲಿ ಯೋಚಿಸಿ ಇಂಗ್ಲಿಷ್‌ನಲ್ಲಿ ಬರೆಯುವವರು. ಅವರಿಗೆ ವಿಷಯ ಚೆನ್ನಾಗಿ ಗೊತ್ತಿರುತ್ತದೆ. ಪದವೂ ಗೊತ್ತಿರುತ್ತದೆ. ಆ ಪದದ ಅಕ್ಕಪಕ್ಕ ಏನು ಬರಬೇಕು ಅನ್ನುವಲ್ಲಿ ಮಾತ್ರ ಕೈ ತಡೆಯುತ್ತದೆ.

ಅದಕ್ಕೇ ಯಾವುದೇ ಹೊಸ ಸೇವೆ ಕಣ್ಣಿಗೆ ಬಿದ್ದರೂ ನಾನು ಅದರಲ್ಲಿ ಮೊದಲು ಹಾಕುವ ಪದ ಒಂದೇ: ರೀಆಕ್ಟಿವೇಶನ್. ನಿಂತಿದ್ದದ್ದು ಮತ್ತೆ ಚುರುಕಾಗುವುದು. ಅರ್ಥದಲ್ಲಿ ಗೊಂದಲವೇ ಇಲ್ಲ, ಅಲ್ವಾ? ಆದರೆ ಬರೆಯಲು ಕೂತರೆ ಪ್ರಶ್ನೆಗಳು ಶುರುವಾಗುತ್ತವೆ. ಇದರ ಮುಂದೆ ‘ಆಫ್’ ಬರಬೇಕೋ, ‘ಫಾರ್’ ಬರಬೇಕೋ? ‘ಎ ರೀಆಕ್ಟಿವೇಶನ್’ ಅನ್ನಬಹುದೋ? ಬಹುವಚನ ಮಾಡಬಹುದೋ? ವೈರಸ್‌ಗೆ ಹೇಳಿದ ಹಾಗೆ ರೈಲು ಮಾರ್ಗಕ್ಕೂ ಹೇಳಬಹುದೋ? ಇದು ದಿನಬಳಕೆಯ ಪದವೂ ಅಲ್ಲ, ತೀರಾ ಅಪರೂಪದ್ದೂ ಅಲ್ಲ. ವೈದ್ಯರು, ನಿದ್ರೆಯ ಬಗ್ಗೆ ಸಂಶೋಧನೆ ಮಾಡುವವರು, ಭೂಗರ್ಭ ಶಾಸ್ತ್ರದವರು, ನೌಕಾಪಡೆಯವರು, ಸಾಫ್ಟ್‌ವೇರ್ ಕಂಪನಿಯವರು ಎಲ್ಲರೂ ಇದನ್ನು ಬಳಸುತ್ತಾರೆ. ಒಬ್ಬೊಬ್ಬರದು ಒಂದೊಂದು ರೀತಿ. ಈ ಪದವನ್ನು ಚೆನ್ನಾಗಿ ತೋರಿಸುವ ಸೇವೆ ಬೇರೆ ಪದಗಳನ್ನೂ ಚೆನ್ನಾಗಿ ತೋರಿಸುತ್ತದೆ ಎಂಬುದು ನನ್ನ ಲೆಕ್ಕ. ಇಲ್ಲಿಯವರೆಗೆ ಆ ಲೆಕ್ಕ ಸರಿಯಾಗಿಯೇ ನಡೆದಿದೆ.

ನಿಘಂಟುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹೆಚ್ಚಿನ ಇಂಗ್ಲಿಷ್ ನಿಘಂಟುಗಳು ‘ರೀಆಕ್ಟಿವೇಟ್’ ಎಂಬ ಕ್ರಿಯಾಪದಕ್ಕೆ ಅರ್ಥ ಕೊಟ್ಟು, ಕೊನೆಯಲ್ಲಿ ನಾಮಪದ ರೂಪವನ್ನು ಸುಮ್ನೆ ಸೇರಿಸಿ ಮುಗಿಸುತ್ತವೆ. ಅರ್ಥ ತಿಳಿಯಲು ಅದು ಸಾಕು, ಬರೆಯಲು ಸಾಲದು. ಈ ಕೊರತೆಯನ್ನು ಮೊದಲು ಗಂಭೀರವಾಗಿ ತೆಗೆದುಕೊಂಡವರಲ್ಲಿ ಜಾನ್ ಸಿಂಕ್ಲೇರ್ ಒಬ್ಬರು. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಅವರು ಮುಂದೆ ನಿಂತು ಮಾಡಿಸಿದ ಕೋಬಿಲ್ಡ್ ನಿಘಂಟು 1987ರಲ್ಲಿ ಬಂತು. ಉದಾಹರಣೆಗಳನ್ನು ಸಂಪಾದಕರು ಕೂತು ಕಟ್ಟಬಾರದು, ಜನ ನಿಜವಾಗಿ ಬರೆದ ಮತ್ತು ಆಡಿದ ಇಂಗ್ಲಿಷ್‌ನಿಂದಲೇ ತೆಗೆಯಬೇಕು ಎಂಬುದು ಅದರ ಹಿಂದಿದ್ದ ಹಟ. ಆ ಹಟಕ್ಕೆ ನಾನು ಇವತ್ತಿಗೂ ಋಣಿ.

ಇನ್ನು ವಾಕ್ಯ ಸುರಿಯುವ ತಾಣಗಳು. ಹೆಸರು ಹೇಳುವುದಿಲ್ಲ. ಒಂದನ್ನು ನೋಡಿದರೆ ಹತ್ತನ್ನು ನೋಡಿದ ಹಾಗೆ. ಪದ ಹಾಕಿದರೆ ಪುಟದ ಉದ್ದಕ್ಕೂ ವಾಕ್ಯಗಳು. ಮೊದಲನೆಯದು ಸರ್ಪಸುತ್ತಿನ ಬಗ್ಗೆ. ಎರಡನೆಯದು ಮುಚ್ಚಿಹೋದ ಖಾತೆಯ ಬಗ್ಗೆ. ಮೂರನೆಯದು ಯುದ್ಧನೌಕೆ, ನಾಲ್ಕನೆಯದು ಮತ್ತೆ ಯಾವುದೋ ವೈರಸ್. ಯಾರು ಬರೆದದ್ದು, ಯಾವ ವರ್ಷ, ಯಾವ ಪತ್ರಿಕೆ, ಒಂದೂ ಇಲ್ಲ. ಕೆಲವು ವಾಕ್ಯಗಳು ಓದಿದ ತಕ್ಷಣ ಯಂತ್ರ ಕಟ್ಟಿದ್ದು ಎಂದು ಗೊತ್ತಾಗುತ್ತದೆ. ವ್ಯಾಕರಣ ಸರಿ ಇರುತ್ತದೆ, ಆದರೆ ಅಂಥ ಮಾತನ್ನು ಯಾರೂ ಯಾರಿಗೂ ಹೇಳುವ ಸಂದರ್ಭವೇ ಇರುವುದಿಲ್ಲ.

ಇದರಿಂದ ಏನು ತೊಂದರೆ ಎಂದು ಕೇಳಬಹುದು. ಓದಿ ಖುಷಿಪಡುವವರಿಗೆ ಏನೂ ಇಲ್ಲ. ಆದರೆ ಅದನ್ನು ನೋಡಿ ಬರೆಯುವವರಿಗೆ ಇದೆ. ವೈದ್ಯಕೀಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ಚಿಕ್ಕಂದಿನಲ್ಲಿ ಚಿಕನ್‌ಪಾಕ್ಸ್ ಬಂದು ವಾಸಿಯಾಗುತ್ತದೆ. ಆದರೆ ವಾರಿಸೆಲ್ಲಾ ಜೋಸ್ಟರ್ ಎಂಬ ಆ ವೈರಸ್ ದೇಹ ಬಿಟ್ಟು ಹೋಗುವುದಿಲ್ಲ. ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ಸದ್ದಿಲ್ಲದೆ ಉಳಿದುಬಿಡುತ್ತದೆ. ವರ್ಷಗಟ್ಟಲೆ ಕಳೆದ ಮೇಲೆ, ವಯಸ್ಸಾಗಿಯೋ ರೋಗನಿರೋಧಕ ಶಕ್ತಿ ಕುಗ್ಗಿಯೋ, ಅದೇ ವೈರಸ್ ಮತ್ತೆ ಎದ್ದು ನರದ ದಾರಿ ಹಿಡಿದು ಚರ್ಮಕ್ಕೆ ಬರುತ್ತದೆ. ಅದೇ ಸರ್ಪಸುತ್ತು. ಇದನ್ನು ಇಂಗ್ಲಿಷ್‌ನಲ್ಲಿ ಹೇಳುವ ಮಾತು ‘ರೀಆಕ್ಟಿವೇಶನ್ ಆಫ್ ದಿ ವೈರಸ್’.

ಇಲ್ಲಿ ‘ರೀಇನ್ಫೆಕ್ಷನ್’ ಎಂದು ಬರೆದರೆ ವಿಜ್ಞಾನವೇ ಬದಲಾಗಿಬಿಡುತ್ತದೆ. ರೀಇನ್ಫೆಕ್ಷನ್ ಅಂದರೆ ಹೊರಗಿನಿಂದ ಹೊಸದಾಗಿ ಸೋಂಕು ತಗುಲಿದೆ ಎಂದರ್ಥ. ರೀಆಕ್ಟಿವೇಶನ್ ಅಂದರೆ ಒಳಗೇ ಇದ್ದದ್ದು ಎದ್ದಿದೆ ಎಂದರ್ಥ. ‘ರಿಲ್ಯಾಪ್ಸ್’ ಇನ್ನೊಂದು: ಕಾಯಿಲೆ ಕಡಿಮೆಯಾಗುತ್ತಾ ಬಂದು ಮತ್ತೆ ಮರುಕಳಿಸುವುದು. ‘ರಿಕರೆನ್ಸ್’ ಇವೆಲ್ಲಕ್ಕಿಂತ ಸಡಿಲ ಪದ, ಮತ್ತೆ ಬಂತು ಎಂದಷ್ಟೇ ಹೇಳುತ್ತದೆ. ಕ್ಷಯದಲ್ಲಿ ಈ ವ್ಯತ್ಯಾಸ ಇನ್ನೂ ದೊಡ್ಡದು. ಕ್ಷಯದ ರೋಗಾಣು ದೇಹದಲ್ಲಿ ಸುಮ್ಮನೆ ಮಲಗಿರುವ ಜನ ಪ್ರಪಂಚದಲ್ಲಿ ಕೋಟಿಗಟ್ಟಲೆ ಇದ್ದಾರೆ. ಅವರಲ್ಲಿ ಸುಮಾರು ನೂರಕ್ಕೆ 5ರಿಂದ 10 ಜನರಿಗೆ ಜೀವಮಾನದಲ್ಲಿ ಎಂದಾದರೂ ಕಾಯಿಲೆ ಬರುತ್ತದೆ. ಕೀಲುವಾತಕ್ಕೆ ಕೊಡುವ, ಟಿಎನ್ಎಫ್ ಎಂಬ ಉರಿಯೂತದ ಪ್ರೋಟೀನನ್ನು ತಡೆಯುವ ಔಷಧಗಳನ್ನು ಶುರುಮಾಡುವ ಮುಂಚೆ ಕ್ಷಯಕ್ಕೆ ಪರೀಕ್ಷೆ ಮಾಡುವುದು ಯಾಕೆ? ಈ ರೀಆಕ್ಟಿವೇಶನ್ ಭಯಕ್ಕೇ. ಹೆಪಟೈಟಿಸ್ ಬಿ ವಿಷಯವೂ ಹೀಗೆಯೇ. ಹೆಪಟೈಟಿಸ್ ಸಿ ವೈರಸ್ ಮೇಲೆ ನೇರವಾಗಿ ಕೆಲಸ ಮಾಡುವ ಔಷಧಗಳನ್ನು ತೆಗೆದುಕೊಂಡ ಕೆಲವರಲ್ಲಿ ಹಳೆಯ ಹೆಪಟೈಟಿಸ್ ಬಿ ಎದ್ದು ಕೂತಿತು. ಅದಕ್ಕಾಗಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಆ ಔಷಧಗಳ ಲೇಬಲ್ ಮೇಲೆ ಚೌಕಟ್ಟಿನೊಳಗಿನ ಎಚ್ಚರಿಕೆ ಹಾಕಿಸಿತು.

ಇಷ್ಟು ತೂಕವಿರುವ ಪದವನ್ನು ಖಾತೆ ತೆರೆಯುವ ವಾಕ್ಯದ ಪಕ್ಕದಲ್ಲಿ ತಂದು ನಿಲ್ಲಿಸಿ, ಎರಡೂ ಒಂದೇ ಅನ್ನುವ ಹಾಗೆ ತೋರಿಸುವ ತಾಣ ಕಲಿಯುವವರಿಗೆ ಅನ್ಯಾಯ ಮಾಡುತ್ತದೆ. ಇದು ನನ್ನ ಖಚಿತ ಅಭಿಪ್ರಾಯ. ವಾಕ್ಯ ಕಡಿಮೆ ಇದ್ದರೂ ಪರವಾಗಿಲ್ಲ, ಅದು ಎಲ್ಲಿಂದ ಬಂತು ಎಂದು ಹೇಳಲೇಬೇಕು.

ಕೋಕಾ ನನಗೆ ಇಷ್ಟವಾಗುವುದು ಇಲ್ಲೇ. ಪೂರ್ತಿ ಹೆಸರು ಕಾರ್ಪಸ್ ಆಫ್ ಕಂಟೆಂಪರರಿ ಅಮೆರಿಕನ್ ಇಂಗ್ಲಿಷ್. ಭಾಷಾಶಾಸ್ತ್ರಜ್ಞ ಮಾರ್ಕ್ ಡೇವಿಸ್ ಕಟ್ಟಿದ್ದು. 1990ರಿಂದ 2019ರವರೆಗಿನ 100 ಕೋಟಿಗೂ ಹೆಚ್ಚು ಪದಗಳ ಬರಹ ಮತ್ತು ಮಾತು ಅದರಲ್ಲಿದೆ. ಎಲ್ಲವನ್ನೂ 8 ವಿಭಾಗಗಳಲ್ಲಿ ಜೋಡಿಸಿದ್ದಾರೆ: ಮಾತು, ಕಥೆ ಕಾದಂಬರಿ, ವಾರಪತ್ರಿಕೆ ಮಾಸಪತ್ರಿಕೆ, ದಿನಪತ್ರಿಕೆ, ವಿದ್ವತ್ ಬರಹ, ಟಿವಿ ಸಿನಿಮಾ ಸಂಭಾಷಣೆ, ಬ್ಲಾಗ್, ಉಳಿದ ವೆಬ್ ಪುಟ. ಪ್ರತಿ ವಾಕ್ಯದ ಪಕ್ಕದಲ್ಲೂ ವರ್ಷ, ವಿಭಾಗ, ಮೂಲ ಇರುತ್ತದೆ. ನಮ್ಮ ಪದ ಹಾಕಿ ಚಾರ್ಟ್ ಒತ್ತಿದರೆ ವಿದ್ವತ್ ಬರಹದ ಕಂಬವೇ ಎತ್ತರಕ್ಕೆ ನಿಲ್ಲುತ್ತದೆ. ಮನೆಮಾತಿನಲ್ಲಿ, ಸಿನಿಮಾ ಸಂಭಾಷಣೆಯಲ್ಲಿ ಈ ಪದ ತೀರಾ ಕಡಿಮೆ. ಒಂದೇ ನೋಟಕ್ಕೆ ಒಂದು ಪಾಠ ಆಯಿತು: ಇದು ಬರಹದ ಪದ, ಅದರಲ್ಲೂ ಗಂಭೀರ ಬರಹದ್ದು. ಗೆಳೆಯರಿಗೆ ಮೆಸೇಜ್ ಮಾಡುವಾಗ ಇದು ಬೇಕಾಗುವುದಿಲ್ಲ.

ನಾನು ಅತಿ ಹೆಚ್ಚು ಬಳಸುವುದು ಅದರ ಕ್ವಿಕ್ (‘ಕೀವರ್ಡ್ ಇನ್ ಕಾಂಟೆಕ್ಸ್ಟ್’ ಎಂಬುದರ ಚಿಕ್ಕ ರೂಪ) ಎಂಬ ನೋಟ. ಹುಡುಕಿದ ಪದ ಪರದೆಯ ನಡುವೆ ಒಂದೇ ಸಾಲಿನಲ್ಲಿ ನೇರವಾಗಿ ಕೆಳಗಿಳಿಯುತ್ತದೆ. ಎಡಕ್ಕೆ ಅದರ ಹಿಂದಿನ ಪದಗಳು, ಬಲಕ್ಕೆ ಮುಂದಿನವು. ನಾಮಪದಕ್ಕೊಂದು ಬಣ್ಣ, ಕ್ರಿಯಾಪದಕ್ಕೊಂದು ಬಣ್ಣ. ಬಲಗಡೆಯ ಪದದ ಪ್ರಕಾರ ಜೋಡಿಸಿದರೆ ‘ಆಫ್’ ಬರುವ ಸಾಲುಗಳೆಲ್ಲ ಒಟ್ಟಿಗೆ ಸೇರುತ್ತವೆ. ಕನ್ನಡದಲ್ಲಿ ‘ಖಾತೆಗೆ ಮರುಚಾಲನೆ’ ಎಂದು ಯೋಚಿಸಿ ಇಂಗ್ಲಿಷ್‌ನಲ್ಲಿ ‘ರೀಆಕ್ಟಿವೇಶನ್ ಟು ದಿ ಅಕೌಂಟ್’ ಎಂದು ಬರೆಯುವುದನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ. ನಮ್ಮ ‘ಗೆ’ ಅಲ್ಲಿ ‘ಟು’ ಆಗಿಬಿಟ್ಟಿರುತ್ತದೆ. ಅದಕ್ಕೆ ನಾನು ವ್ಯಾಕರಣದ ನಿಯಮ ಹೇಳಲು ಹೋಗುವುದಿಲ್ಲ. ಈ ಪರದೆ ತೋರಿಸುತ್ತೇನೆ. ಎಚ್ಚೆತ್ತದ್ದು ಯಾವುದೋ ಅದರ ಹಿಂದೆ ‘ಆಫ್’ ಇರುತ್ತದೆ. ಎಬ್ಬಿಸಿದ್ದು ಯಾವುದೋ ಅದಕ್ಕೆ ‘ಬೈ’. ಯಾರಲ್ಲಿ ಆಯಿತೋ ಅವರಿಗೆ ‘ಇನ್’. ಯಾವುದರ ನಂತರ ಆಯಿತೋ ಅದಕ್ಕೆ ‘ಆಫ್ಟರ್’ ಅಥವಾ ‘ಫಾಲೋಯಿಂಗ್’. ಕಣ್ಣಿನಿಂದ ಕಲಿತದ್ದು ಉಳಿಯುತ್ತದೆ.

ಎಡಗಡೆ ಇನ್ನೂ ಚೆಂದ. ಹುಡುಕುವ ಪೆಟ್ಟಿಗೆಯಲ್ಲಿ ಎ, ಡಿ, ಜೆ ಎಂಬ ಮೂರು ದೊಡ್ಡಕ್ಷರ ಹಾಕಿ, ಜಾಗ ಬಿಟ್ಟು ನಮ್ಮ ಪದ ಹಾಕಿದರೆ, ಅದರ ಹಿಂದೆ ಬರುವ ವಿಶೇಷಣಗಳ ಪಟ್ಟಿಯೇ ಬರುತ್ತದೆ. ಅದೇ ಜಾಗದಲ್ಲಿ ನಾಮಪದಗಳನ್ನೂ ಕೇಳಬಹುದು. ‘ವೈರಲ್ ರೀಆಕ್ಟಿವೇಶನ್’, ‘ಮೆಮೊರಿ ರೀಆಕ್ಟಿವೇಶನ್’, ‘ಫಾಲ್ಟ್ ರೀಆಕ್ಟಿವೇಶನ್’ (ಇಲ್ಲಿ ಫಾಲ್ಟ್ ಅಂದರೆ ತಪ್ಪಲ್ಲ, ಭೂಪದರದ ಬಿರುಕು). ‘ಆಫ್’ ಇಲ್ಲದೆ ಎರಡು ಪದ ಹೀಗೆ ಅಂಟಿಕೊಂಡು ಬಂದರೆ, ಆ ಕ್ಷೇತ್ರದವರಿಗೆ ಅದು ಸಿದ್ಧ ಪಾರಿಭಾಷಿಕ ಪದ ಆಗಿದೆ ಎಂದೇ ತಿಳಿಯಬೇಕು. ಹೊಸಬರು ತಮಗೆ ತೋಚಿದ ಹಾಗೆ ಎರಡು ಪದ ಅಂಟಿಸಬಾರದು. ಅಂಥ ಜೋಡಿ ಈಗಾಗಲೇ ಬಳಕೆಯಲ್ಲಿದೆಯೇ ಎಂದು ನೋಡಿ, ಇಲ್ಲದಿದ್ದರೆ ‘ಆಫ್’ ಹಾಕಿ ಬಿಡಿಸಿ ಬರೆಯುವುದು ಒಳ್ಳೆಯದು.

‘ಎ’ ಹಾಕಬಹುದೋ ಎಂಬ ಪ್ರಶ್ನೆಗೂ ಇಲ್ಲೇ ಉತ್ತರ ಸಿಗುತ್ತದೆ. ಒಂದು ಕ್ರಿಯೆ ಎಂಬ ಅರ್ಥದಲ್ಲಿ ಎಣಿಸುವ ಹಾಗಿಲ್ಲ. ಒಂದೊಂದು ಘಟನೆ ಎಂಬ ಅರ್ಥದಲ್ಲಿ ಎಣಿಸಬಹುದು, ಬಹುವಚನವೂ ಬರುತ್ತದೆ. ನಿದ್ರೆಯ ಸಂಶೋಧನೆಯ ಬರಹಗಳಲ್ಲಿ ಬಹುವಚನ ಸಹಜವಾಗಿಯೇ ಕಾಣುತ್ತದೆ.

ಆ ಕ್ಷೇತ್ರದ ಬಗ್ಗೆ ಸ್ವಲ್ಪ ನಿಲ್ಲಲೇಬೇಕು. ಈ ಪದದ ಅತಿ ಸುಂದರ ಬಳಕೆ ನನಗೆ ಸಿಕ್ಕಿದ್ದು ನೆನಪಿನ ವಿಜ್ಞಾನದಲ್ಲಿ. 1994ರಲ್ಲಿ ಮ್ಯಾಥ್ಯೂ ವಿಲ್ಸನ್ ಮತ್ತು ಬ್ರೂಸ್ ಮೆಕ್‌ನಾಟನ್ ಇಲಿಗಳ ಮೆದುಳಿನ ಹಿಪೊಕ್ಯಾಂಪಸ್ ಭಾಗದ ನರಕೋಶಗಳನ್ನು ಗಮನಿಸಿದರು. ಇಲಿ ಓಡಾಡುವಾಗ ಯಾವ ಕೋಶಗಳು ಒಟ್ಟಿಗೆ ಮಿಡಿದಿದ್ದವೋ, ಆಮೇಲೆ ಗಾಢ ನಿದ್ರೆಯಲ್ಲೂ ಅವೇ ಒಟ್ಟಿಗೆ ಮಿಡಿಯುವುದು ಕಂಡುಬಂತು. ಅದನ್ನು ಅವರು ರೀಆಕ್ಟಿವೇಶನ್ ಎಂದು ಕರೆದರು. 2007ರಲ್ಲಿ ಬ್ಯೋರ್ನ್ ರಾಶ್ ಮತ್ತು ಜೊತೆಗಾರರು ಮನುಷ್ಯರ ಮೇಲೆ ಇನ್ನೊಂದು ಪ್ರಯೋಗ ಮಾಡಿದರು. ಕಾರ್ಡುಗಳ ಜಾಗ ನೆನಪಿಟ್ಟುಕೊಳ್ಳುವಾಗ ಗುಲಾಬಿ ಪರಿಮಳ ಕೊಟ್ಟರು. ಗಾಢ ನಿದ್ರೆಯಲ್ಲಿ ಮತ್ತೆ ಅದೇ ಪರಿಮಳ ಕೊಟ್ಟರು. ಎದ್ದ ಮೇಲೆ ಅವರ ನೆನಪು ಇನ್ನೂ ಚೆನ್ನಾಗಿತ್ತು. ಈಗ ಇಂಥ ವಿಧಾನಕ್ಕೆ ‘ಟಾರ್ಗೆಟೆಡ್ ಮೆಮೊರಿ ರೀಆಕ್ಟಿವೇಶನ್’ ಎಂಬ ಹೆಸರೇ ಇದೆ, ಟಿಎಂಆರ್ ಎಂದು ಚಿಕ್ಕದಾಗಿ ಬರೆಯುತ್ತಾರೆ. ಅದಕ್ಕೂ ಮುಂಚೆ, 1980ರಲ್ಲಿ, ಕ್ಯಾರೊಲಿನ್ ರೋವಿ ಕೊಲಿಯರ್ ಮತ್ತು ಜೊತೆಗಾರರು 3 ತಿಂಗಳ ಕೂಸುಗಳ ಕಾಲಿಗೆ ರಿಬ್ಬನ್ ಕಟ್ಟಿ, ಒದ್ದರೆ ಮೇಲೆ ತೂಗುವ ಆಟಿಕೆ ಅಲ್ಲಾಡುವ ಹಾಗೆ ಮಾಡಿದ್ದರು. ಕೂಸು ಮರೆತ ಮೇಲೆ ಅದೇ ಆಟಿಕೆ ಅಲ್ಲಾಡುವುದನ್ನು ಸ್ವಲ್ಪ ಹೊತ್ತು ತೋರಿಸಿದರೆ ಸಾಕು, ನೆನಪು ವಾಪಸ್ ಬರುತ್ತಿತ್ತು. ಆ ನೆನಪು ಹಾಗೆ ಮರಳುವುದಕ್ಕೂ ಅವರು ಇದೇ ಪದ ಬಳಸಿದರು.

ವೈರಸ್‌ನಲ್ಲಿ ಇದು ಬೇಡದ ಘಟನೆ. ನೆನಪಿನಲ್ಲಿ ಇದು ಬಯಸಿದ ಘಟನೆ. ಪದ ತಾನಾಗಿ ಒಳ್ಳೆಯದೂ ಹೇಳುವುದಿಲ್ಲ, ಕೆಟ್ಟದ್ದೂ ಹೇಳುವುದಿಲ್ಲ. ಅದರ ಜೊತೆ ಬರುವ ಪದಗಳು ಆ ಕೆಲಸ ಮಾಡುತ್ತವೆ. ವೈದ್ಯಕೀಯದಲ್ಲಿ ಹತ್ತಿರ ಬರುವುದು ‘ಪ್ರಿವೆಂಟ್’, ‘ಟ್ರಿಗರ್’, ‘ರಿಸ್ಕ್ ಆಫ್’. ನಿದ್ರೆಯ ಸಂಶೋಧನೆಯಲ್ಲಿ ‘ಪ್ರೊಮೋಟ್’, ‘ಎನ್‌ಹಾನ್ಸ್’. ಕೋಕಾದ ಕೊಲೊಕೇಟ್ಸ್ (ಅಂದರೆ ಜೊತೆಪದಗಳು) ಎಂಬ ಗುಂಡಿ ಇರುವುದೇ ಇಂಥದ್ದನ್ನು ಹುಡುಕಿಕೊಡಲು. ಬೇರೆ ಎಲ್ಲವನ್ನೂ ತೆಗೆದು ಇದೊಂದನ್ನೇ ಉಳಿಸಿದರೂ ನಾನು ಈ ಸೇವೆಯನ್ನು ಬಿಡುವುದಿಲ್ಲ.

ರಸಾಯನಶಾಸ್ತ್ರದವರಿಗೆ ಒಂದು ಮಾತು. ಕೀಟನಾಶಕ ಕುಡಿದವರ ದೇಹದಲ್ಲಿ ಆರ್ಗನೊಫಾಸ್ಫೇಟ್ ವಿಷವು ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವಕ್ಕೆ ಅಂಟಿಕೊಂಡು ಅದನ್ನು ನಿಲ್ಲಿಸಿಬಿಡುತ್ತದೆ. ಪ್ರಾಲಿಡಾಕ್ಸಿಮ್‌ನಂಥ ಔಷಧ ಆ ವಿಷವನ್ನು ಕಿಣ್ವದಿಂದ ಬಿಡಿಸುತ್ತದೆ. ಅದು ಕಿಣ್ವದ ರೀಆಕ್ಟಿವೇಶನ್. ತಡವಾದರೆ ಬಂಧ ಬಿಗಿಯಾಗಿ ಬಿಡಿಸಲು ಬರುವುದಿಲ್ಲ, ಅದಕ್ಕೆ ‘ಏಜಿಂಗ್’ ಅನ್ನುತ್ತಾರೆ. ಈ ಎರಡು ಪದ ಆ ಕ್ಷೇತ್ರದಲ್ಲಿ ಯಾವಾಗಲೂ ಜೊತೆಗೇ ಓಡಾಡುತ್ತವೆ. ನೀರು ಶುದ್ಧಿ ಮಾಡುವ ಇಂಗಾಲದ ಹರಳು ಹಳೆಯದಾದಾಗ ಅದನ್ನು 800 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕುಲುಮೆಯಲ್ಲಿ ಹಬೆಯ ಜೊತೆ ಕಾಯಿಸಿ ಮತ್ತೆ ಬಳಸುತ್ತಾರೆ. ಆ ಉದ್ಯಮದಲ್ಲಿ ಇದಕ್ಕೂ ರೀಆಕ್ಟಿವೇಶನ್ ಎಂದೇ ಹೆಸರು. ಗಡಸು ನೀರು ಮೆದುಮಾಡುವ ರೆಸಿನ್ ಅನ್ನು ಉಪ್ಪು ನೀರಿನಿಂದ ತೊಳೆದರೆ ಮಾತ್ರ ‘ರೀಜನರೇಶನ್’. ಕನ್ನಡದಲ್ಲಿ ಎರಡಕ್ಕೂ ಮರುಬಳಕೆಗೆ ಸಿದ್ಧ ಮಾಡುವುದು ಎಂದರೆ ನಡೆಯುತ್ತದೆ. ಇಂಗ್ಲಿಷ್‌ನಲ್ಲಿ ಅದಲು ಬದಲು ಮಾಡಿದರೆ ಕೆಲಸ ಗೊತ್ತಿದ್ದವರು ತಕ್ಷಣ ಹುಬ್ಬು ಗಂಟಿಕ್ಕುತ್ತಾರೆ.

ಹಾಗೆಯೇ ‘ಫೋಟೋರೀಆಕ್ಟಿವೇಶನ್’. ಇದು ಒಂದೇ ಪದ, ನಡುವೆ ಜಾಗ ಇಲ್ಲ. 1949ರಲ್ಲಿ ಆಲ್ಬರ್ಟ್ ಕೆಲ್ನರ್ ಒಂದು ವಿಚಿತ್ರ ಗಮನಿಸಿದರು. ನೇರಳಾತೀತ ಬೆಳಕಿನಿಂದ ಹೆಚ್ಚುಕಡಿಮೆ ಸತ್ತೇ ಹೋಗಬೇಕಿದ್ದ ಸೂಕ್ಷ್ಮಜೀವಿಗಳಿಗೆ ಆಮೇಲೆ ಸಾಮಾನ್ಯ ಬೆಳಕು ತಾಗಿಸಿದರೆ ತುಂಬಾ ಜಾಸ್ತಿ ಸಂಖ್ಯೆಯಲ್ಲಿ ಉಳಿದುಕೊಳ್ಳುತ್ತಿದ್ದವು. ಬೆಳಕಿನ ಬಲದಿಂದ ಡಿಎನ್‌ಎ ರಿಪೇರಿ ಮಾಡುವ ಕಿಣ್ವ ಇದರ ಹಿಂದಿದೆ. ನೇರಳಾತೀತ ದೀಪದಿಂದ ನೀರು ಶುದ್ಧಿ ಮಾಡುವವರು ಇದರ ಬಗ್ಗೆ ಇವತ್ತೂ ಯೋಚಿಸಬೇಕಾಗುತ್ತದೆ. ರೀಆಕ್ಟಿವೇಶನ್ ಎಂದಷ್ಟೇ ಹುಡುಕಿದರೆ ಇಂಥ ಪದ ಸಿಗುವುದಿಲ್ಲ. ಪದದ ಶುರುವಿಗೇ ನಕ್ಷತ್ರ ಚಿಹ್ನೆ ಅಂಟಿಸಿ ಹುಡುಕಬೇಕು.

ಕೋಕಾದಲ್ಲಿ ಕೊರತೆ ಇಲ್ಲವೇ? ಇದೆ. ಮೊದಲ ಸಲ ನೋಡಿದವರಿಗೆ ಗುಂಡಿಗಳೇ ಜಾಸ್ತಿ ಅನ್ನಿಸುತ್ತದೆ. ನೋಂದಣಿ ಮಾಡಿಕೊಳ್ಳಬೇಕು. ಹಣ ಕೊಡದೆ ಬಳಸುವವರಿಗೆ ದಿನಕ್ಕೆ ಇಷ್ಟೇ ಹುಡುಕಾಟ ಎಂಬ ಮಿತಿ ಇದೆ. ಸುತ್ತಲಿನ ಸ್ವಲ್ಪ ಭಾಗ ಬಿಟ್ಟರೆ ಮೂಲ ಲೇಖನವನ್ನು ಪೂರ್ತಿ ಓದಲಾಗುವುದಿಲ್ಲ. 2019ಕ್ಕೆ ನಿಲ್ಲುತ್ತದೆ. ಮತ್ತೆ, ಅಮೆರಿಕದ ಇಂಗ್ಲಿಷ್ ಮಾತ್ರ. ಈ ಕೊನೆಯದು ನಿಜವಾಗಿ ಮುಖ್ಯ. ಸ್ಕಾಟ್‌ಲೆಂಡ್‌ನಲ್ಲಿ 1969ರಲ್ಲಿ ಮುಚ್ಚಿದ ಮಾರ್ಗದ ಒಂದು ಭಾಗದಲ್ಲಿ 2015ರಲ್ಲಿ ಮತ್ತೆ ರೈಲು ಓಡಿತು. ಬ್ರಿಟಿಷರು ಅದನ್ನು ‘ರೀಓಪನಿಂಗ್’ ಎಂದರು. ಜರ್ಮನಿಯಲ್ಲಿ ಇಂಥದ್ದಕ್ಕೆ ಇರುವ ಪದ ‘ರೆಆಕ್ಟಿವೀರುಂಗ್’, ಹಾಗಾಗಿ ಅಲ್ಲಿಂದ ಬರುವ ಇಂಗ್ಲಿಷ್ ಬರಹದಲ್ಲಿ ರೈಲು ಮಾರ್ಗದ ರೀಆಕ್ಟಿವೇಶನ್ ಸಿಗುತ್ತದೆ. ತಪ್ಪೇನಲ್ಲ, ಆದರೆ ಬ್ರಿಟಿಷ್ ಓದುಗರಿಗೆ ಸ್ವಲ್ಪ ಹೊರಗಿನದು ಅನ್ನಿಸಬಹುದು. ಬ್ರಿಟಿಷ್ ಬಳಕೆ ಬೇಕಾದರೆ ಕೋಕಾ ಇರುವ ತಾಣದಲ್ಲೇ ಬ್ರಿಟಿಷ್ ನ್ಯಾಷನಲ್ ಕಾರ್ಪಸ್ ಇದೆ. 10 ಕೋಟಿ ಪದ, 1990ರ ದಶಕದ ಶುರುವಿನವರೆಗಿನದು. ಹಳೆಯದಾಯಿತು, ಆದರೂ ಗಟ್ಟಿ.

ಯಂತ್ರ, ಹಡಗು, ಉಪಗ್ರಹಗಳ ವಿಷಯದಲ್ಲಿ ಅಮೆರಿಕದ ಕಾರ್ಪಸ್ಸೇ ಸರಿಯಾದ ಜಾಗ. 1980ರ ದಶಕದಲ್ಲಿ ಅಮೆರಿಕದ ನೌಕಾಪಡೆ ಎರಡನೇ ಮಹಾಯುದ್ಧದ ಕಾಲದ 4 ಯುದ್ಧನೌಕೆಗಳನ್ನು ಮತ್ತೆ ಸೇವೆಗೆ ತಂದಿತು. 1982ರಲ್ಲಿ ನ್ಯೂಜೆರ್ಸಿ, ಆಮೇಲೆ ಅಯೋವಾ, ಮಿಸೌರಿ, ಕೊನೆಗೆ 1988ರಲ್ಲಿ ವಿಸ್ಕಾನ್ಸಿನ್. ಹಡಗನ್ನು ಮೂಲೆಯಿಂದ ತೆಗೆದು ಸಜ್ಜುಗೊಳಿಸುವ ಕೆಲಸಕ್ಕೆ ರೀಆಕ್ಟಿವೇಶನ್. ಅಧಿಕೃತವಾಗಿ ಸೇವೆಗೆ ಸೇರಿಸುವುದಕ್ಕೆ ‘ರೀಕಮಿಷನಿಂಗ್’. ನಾಸಾದ ವೈಸ್ ದೂರದರ್ಶಕ 2009ರ ಡಿಸೆಂಬರ್‌ನಲ್ಲಿ ಮೇಲೆ ಹೋಗಿ, 2011ರಲ್ಲಿ ನಿದ್ರೆಗೆ ಜಾರಿ, 2013ರಲ್ಲಿ ನಿಯೋವೈಸ್ ಎಂಬ ಹೆಸರಿನಲ್ಲಿ ಎದ್ದು ಕ್ಷುದ್ರಗ್ರಹ ಹುಡುಕುವ ಕೆಲಸ ಶುರುಮಾಡಿತು. 2020ರಲ್ಲಿ ಬರಿಗಣ್ಣಿಗೆ ಕಂಡ ನಿಯೋವೈಸ್ ಧೂಮಕೇತುವನ್ನು ಹುಡುಕಿದ್ದು ಅದೇ. ಅದು ಎದ್ದದ್ದನ್ನೂ ರೀಆಕ್ಟಿವೇಶನ್ ಎಂದೇ ಬರೆದರು. ನಿಂತ ಪರಮಾಣು ಸ್ಥಾವರಕ್ಕೆ ಮಾತ್ರ ‘ರೀಸ್ಟಾರ್ಟ್’ ಎಂಬುದೇ ರೂಢಿ. ಜಪಾನಿನ ಸೆಂಡೈ ಸ್ಥಾವರ 2015ರಲ್ಲಿ ಮತ್ತೆ ಶುರುವಾದಾಗ ಸುದ್ದಿಗಳಲ್ಲಿ ಬಂದದ್ದೂ ಆ ಪದವೇ. ಯಾಕೆ ಹೀಗೆ ಎಂದು ತರ್ಕ ಹುಡುಕಿದರೆ ಸಿಗುವುದಿಲ್ಲ. ರೂಢಿ ಅಷ್ಟೇ. ರೂಢಿ ತಿಳಿಯಬೇಕಾದರೆ ನಿಜವಾದ ವಾಕ್ಯಗಳನ್ನು ಮೂಲದ ಸಮೇತ ನೋಡುವುದೊಂದೇ ದಾರಿ.

ಆಗಷ್ಟೇ ಶುರುಮಾಡುವವರಿಗೆ ಕೋಕಾ ಭಾರ ಅನ್ನಿಸಿದರೆ ಸ್ಕೆಲ್ ಬಳಸಿ. ಸ್ಕೆಚ್ ಎಂಜಿನ್ ಎಂಬ ದೊಡ್ಡ ಕಾರ್ಪಸ್ ಉಪಕರಣ ಮಾಡಿದವರದ್ದೇ. ನೋಂದಣಿ ಬೇಡ, ಹಣ ಬೇಡ. ಪದ ಹಾಕಿದರೆ ಆರಿಸಿದ 40 ವಾಕ್ಯಗಳವರೆಗೆ ಕೊಡುತ್ತದೆ. ಇನ್ನೊಂದು ಗುಂಡಿ ಒತ್ತಿದರೆ ಜೊತೆಗೆ ಬರುವ ಪದಗಳನ್ನು ವ್ಯಾಕರಣದ ಪ್ರಕಾರ ಗುಂಪು ಮಾಡಿ ತೋರಿಸುತ್ತದೆ. ವಾಕ್ಯಗಳ ಮೂಲ ಹೇಳುವುದಿಲ್ಲ, ಹಾಗಾಗಿ ಪ್ರಬಂಧ ಬರೆಯುವವರಿಗೆ ಇದೊಂದೇ ಸಾಲದು. ಆದರೆ ಚೊಕ್ಕ, ಬೇಗ, ಜಾಹೀರಾತಿನ ಗಲಾಟೆ ಇಲ್ಲ. ವಿದ್ಯಾರ್ಥಿಗಳಿಗೆ ನಾನು ಮೊದಲು ತೋರಿಸುವುದು ಇದನ್ನೇ.

ಗೂಗಲ್‌ನ ಎನ್‌ಗ್ರಾಮ್ ವ್ಯೂವರ್ 2010ರಿಂದ ಇದೆ. ಪುಸ್ತಕಗಳಲ್ಲಿ ಒಂದು ಪದ ಯಾವ ವರ್ಷ ಎಷ್ಟು ಬಂತು ಎಂಬ ಗೆರೆ ಎಳೆದು ತೋರಿಸುತ್ತದೆ. ಎರಡು ಪದಗಳಲ್ಲಿ ಯಾವುದು ಹೆಚ್ಚು ಬಳಕೆಯಲ್ಲಿದೆ ಎಂದು ನೋಡಲು ಚೆನ್ನ. ಯಾವ ಅರ್ಥದಲ್ಲಿ ಬಂತು ಎಂದು ಆ ಗೆರೆ ಹೇಳುವುದಿಲ್ಲ. ಚಾಟ್‌ಬಾಟ್‌ಗಳನ್ನು ಕೇಳಿದರೆ ಸೊಗಸಾದ ವಾಕ್ಯಗಳು ಸಿಗುತ್ತವೆ. ಆದರೆ ನನಗೆ ಬೇಕಿರುವುದು ಒಬ್ಬ ವೈದ್ಯೆಯೋ ಒಬ್ಬ ಎಂಜಿನಿಯರೋ ತನ್ನ ಓದುಗರಿಗಾಗಿ ಬರೆದ ವಾಕ್ಯ. ಎರಡೂ ಒಂದೇ ಅಲ್ಲ.

ಈಗ ಇಮೇಲ್ ಮತ್ತು ಅರ್ಜಿಗಳ ವಿಷಯ. ನನ್ನ ಮೇಜಿಗೆ ಬರುವ ಪತ್ರಗಳಲ್ಲಿ ‘ಫಾರ್ ದಿ ರೀಆಕ್ಟಿವೇಶನ್ ಆಫ್ ಯುವರ್ ಅಕೌಂಟ್’ ಎಂದು ಶುರುವಾಗುವ ವಾಕ್ಯ ತುಂಬಾ ಇರುತ್ತದೆ. ಗಂಭೀರವಾಗಿರಲಿ ಎಂದು ಹಾಗೆ ಬರೆಯುತ್ತಾರೆ. ನಾನು ಅದನ್ನು ‘ಟು ರೀಆಕ್ಟಿವೇಟ್ ಯುವರ್ ಅಕೌಂಟ್’ ಎಂದು ತಿದ್ದುತ್ತೇನೆ. ಓದುವವರು ಒಂದು ಕೆಲಸ ಮಾಡಬೇಕಿದ್ದರೆ ಕ್ರಿಯಾಪದವೇ ಸರಿ. ಮೈಕ್ರೋಸಾಫ್ಟ್‌ನ ಸಹಾಯ ಪುಟವೂ ‘ರೀಆಕ್ಟಿವೇಟಿಂಗ್ ವಿಂಡೋಸ್’ ಎಂದೇ ಹೇಳುತ್ತದೆ. ನಾಮಪದಕ್ಕೆ ಇಲ್ಲಿ ಇರುವ ಜಾಗ ಚಿಕ್ಕದು: ‘ರೀಆಕ್ಟಿವೇಶನ್ ಫೀ’, ‘ರೀಆಕ್ಟಿವೇಶನ್ ರಿಕ್ವೆಸ್ಟ್’, ‘ರೀಆಕ್ಟಿವೇಶನ್ ಲಿಂಕ್’, ಹೀಗೆ ಇನ್ನೊಂದು ನಾಮಪದದ ಹಿಂದೆ ನಿಂತಾಗ. ಮಾರಾಟದ ವಿಭಾಗದವರು ದೂರವಾದ ಗ್ರಾಹಕರನ್ನು ವಾಪಸ್ ಕರೆಯುವುದಕ್ಕೆ ‘ಕಸ್ಟಮರ್ ರೀಆಕ್ಟಿವೇಶನ್’ ಅನ್ನುತ್ತಾರೆ. ಅವರ ನಡುವೆ ಅದು ನಡೆಯುತ್ತದೆ, ಆದರೆ ಗ್ರಾಹಕರಿಗೇ ಹೋಗುವ ಪತ್ರದಲ್ಲಿ ಅದು ಇರಬಾರದು. ವಿಜ್ಞಾನದಲ್ಲಿ ಹಾಗಲ್ಲ. ಅಲ್ಲಿ ಒಂದು ವಿದ್ಯಮಾನಕ್ಕೆ ಹೆಸರು ಬೇಕು. ಅಳೆಯಲು, ತಡೆಯಲು, ಹೋಲಿಸಲು ಆ ಹೆಸರು ಬೇಕೇ ಬೇಕು. ಅಲ್ಲಿ ನಾಮಪದವನ್ನು ತೆಗೆದುಹಾಕಲು ಹೋದರೆ ವಾಕ್ಯ ಕುಂಟುತ್ತದೆ.

ವೈದ್ಯಕೀಯ ಬರಹ ಜಾಸ್ತಿ ಮಾಡುವವರಿಗೆ ಇನ್ನೊಂದು ಸಲಹೆ. ಪಬ್‌ಮೆಡ್ ಅನ್ನು ಲೇಖನ ಹುಡುಕಲು ಬಳಸುತ್ತೀರಿ, ಅಲ್ವಾ? ಅದನ್ನೇ ಭಾಷೆಗೂ ಬಳಸಿ. ಸುಧಾರಿತ ಹುಡುಕಾಟಕ್ಕೆ ಹೋಗಿ ಶೀರ್ಷಿಕೆಯಲ್ಲಿ ಮಾತ್ರ ಎಂದು ಆರಿಸಿ, ಈ ಪದದ ಜೊತೆ ನಿಮ್ಮ ಕಾಯಿಲೆಯ ಹೆಸರು ಹಾಕಿ. ಶೀರ್ಷಿಕೆಗಳಲ್ಲಿ ಬರಹಗಾರರು ಪದಗಳನ್ನು ಅಳೆದು ತೂಗಿ ಇಟ್ಟಿರುತ್ತಾರೆ. ‘ಹೆಪಟೈಟಿಸ್ ಬಿ ವೈರಸ್ ರೀಆಕ್ಟಿವೇಶನ್ ಇನ್ ಪೇಷೆಂಟ್ಸ್’ ಎಂಬ ಧಾಟಿಯ ಜೋಡಣೆಗಳು ಪುಟ ತುಂಬ ಸಿಗುತ್ತವೆ. ಮೂಲ, ವರ್ಷ, ಪತ್ರಿಕೆ ಎಲ್ಲ ಅಲ್ಲೇ ಇರುತ್ತದೆ. ಹಣ ಕೇಳುವುದಿಲ್ಲ, ನೋಂದಣಿಯೂ ಬೇಡ.